ಒಂದು ವಿಧಾನಸೌಧ, ಎರಡು ಟ್ಯೂಬ್ ಗಮ್

ಶಾಲೆಯ ಎದುರಿಗಿರುವ ಯಾವುದಾದರೂ ಸ್ಟೇಷನರಿ ಅಂಗಡಿಗೆ ಹೋಗಿ "ಸರ್ಕಾರ ಇದೆಯಾ?" ಅಂತ ಕೇಳಿ ನೋಡಿ. ತಾಲ್ಲೂಕು ಕಚೇರಿಯಲ್ಲಿ ಕೇಳಿದರೆ "ಸಾಹೇಬರು ಮೀಟಿಂಗಲ್ಲಿದ್ದಾರೆ" ಅನ್ನುತ್ತಾರೆ. ಇಲ್ಲಿ ಹಾಗಲ್ಲ. "ಐತೆ ಸಾರ್. ಚಾರ್ಟ್ ಬೇಕಾ, ಮಾಡೆಲ್ ಬೇಕಾ? ಮಾಡೆಲ್ ಆದ್ರೆ ವಿಧಾನಸೌಧ ಐತೆ, ಪಾರ್ಲಿಮೆಂಟ್ ಐತೆ. ಮೂರು ಮೂಲೆ ಇರೋ ಹೊಸ ಪಾರ್ಲಿಮೆಂಟ್ ಸ್ಟಾಕ್ ಇಲ್ಲ, ದುಂಡಗಿರೋ ಹಳೇದೇ ತಗೊಂಡೋಗಿ, ಮಿಸ್ಸು ಏನೂ ಅನ್ನಲ್ಲ." ಗಿರಾಕಿ ಬಂದ ಎರಡೇ ನಿಮಿಷಕ್ಕೆ ಸರ್ಕಾರ ಕೈಗೆ ಸಿಗುವ ಜಾಗ ನನಗೆ ಗೊತ್ತಿರುವಂತೆ ಇದೊಂದೇ.

ನಾಲ್ಕನೆಯ, ಐದನೆಯ ಕ್ಲಾಸಿನ ಮಕ್ಕಳಿಗೆ ಸರ್ಕಾರವೆಂದರೇನು ಎಂದು ಬಾಯಿಪಾಠ ಮಾಡಿಸಬಾರದು, ಕೈಯಿಂದ ಮಾಡಿಸಿ ಕಣ್ಣಿಗೆ ಕಾಣಿಸಬೇಕು ಎಂಬುದು ಶಿಕ್ಷಣತಜ್ಞರ ಮಾತು. ಒಳ್ಳೆಯ ಮಾತೇ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಶಾಲೆಯ ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಎಂದು ಹೇಳಿತು. ನಾವೂ ಜೋಡಿಸಿದೆವು, ಗ್ಲೂ ಗನ್ನಿನಲ್ಲಿ.

ಜೋಡಣೆ ಶುರುವಾಗುವುದು ರಾತ್ರಿ ಎಂಟೂವರೆಯ ಹೊತ್ತಿಗೆ, ಕ್ಲಾಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. "ನಾಳೆ ‘ನಮ್ಮ ಸರ್ಕಾರ’ ಮಾಡೆಲ್ ತರುವುದು. ಮಕ್ಕಳೇ ಮಾಡಿರಬೇಕು. ನೀಟಾಗಿರಬೇಕು." ಕೊನೆಯ ಎರಡು ವಾಕ್ಯಗಳು ಒಂದೇ ಮನೆಯಲ್ಲಿ ಬಾಳಲಾರವು ಎನ್ನುವುದು ಮಿಸ್ಸಿಗೂ ಗೊತ್ತು, ಅಪ್ಪ ಅಮ್ಮಂದಿರಿಗೂ ಗೊತ್ತು. ಆದರೂ ಮೂವತ್ತು ಮಂದಿ ಕೈ ಮುಗಿದ ಚಿತ್ರ ಹಾಕಿ "ಓಕೆ ಮ್ಯಾಮ್" ಅನ್ನುತ್ತಾರೆ. ಈ ಗಳಿಗೆಯಿಂದ ಮಾರನೆಯ ಬೆಳಗಿನ ಪ್ರಾರ್ಥನೆಯ ಗಂಟೆ ಹೊಡೆಯುವವರೆಗೆ ಆ ಮನೆಯಲ್ಲಿ ನಡೆಯುವುದಿದೆಯಲ್ಲ, ಸರ್ಕಾರವನ್ನು ಅಷ್ಟು ಚೊಕ್ಕವಾಗಿ ಕಲಿಸುವ ಪಠ್ಯಪುಸ್ತಕ ಇನ್ನೂ ಅಚ್ಚಾಗಿಲ್ಲ.

ಮೊದಲು ಆಡಳಿತಾತ್ಮಕ ಅನುಮೋದನೆ. ಅದು ಅಮ್ಮನದು, ತಕ್ಷಣ ಸಿಗುತ್ತದೆ, ಜೊತೆಗೆ ಬೈಗುಳವೂ ಸಿಗುತ್ತದೆ. ಆಮೇಲೆ ಆರ್ಥಿಕ ಇಲಾಖೆಯ ಸಹಮತಿ. ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ "ಹೋದ ತಿಂಗಳು ತಂದ ಥರ್ಮಾಕೋಲ್ ಶೀಟ್ ಏನಾಯ್ತು?" ಎಂದು ಆಕ್ಷೇಪಣೆ ಬರೆದು ಕಡತ ವಾಪಸ್ ಕಳಿಸುತ್ತಾನೆ. ಹೋದ ತಿಂಗಳ ಶೀಟು ಜ್ವಾಲಾಮುಖಿಯಾಗಿ ಖರ್ಚಾಗಿದೆ ಎಂದು ಸ್ಪಷ್ಟೀಕರಣ ಹೋಗುತ್ತದೆ. ಅಷ್ಟರಲ್ಲಿ ಒಂಬತ್ತು ಗಂಟೆ. ಅಂಗಡಿ ಮುಚ್ಚುತ್ತದೆಂಬ ತುರ್ತಿನಲ್ಲಿ ಟೆಂಡರ್ ಕರೆಯಲು ಕಾಲಾವಕಾಶವಿರುವುದಿಲ್ಲ. ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಕಾಯ್ದೆಯನ್ನು 1999ರಲ್ಲಿ ಮಾಡಿದವರು ಇಂಥ ಅಮ್ಮಂದಿರನ್ನು ನೆನೆದೇ ಅದರಲ್ಲಿ 4(ಜಿ) ಎಂದೊಂದು ಕಿಂಡಿ ಬಿಟ್ಟಿದ್ದಾರೆ. ಆ ಕಿಂಡಿಯಲ್ಲಿ ಟೆಂಡರಿಲ್ಲದೆ ನೇರವಾಗಿ ಬೇಕಾದವರಿಗೆ ಕೆಲಸ ಕೊಡಬಹುದು. ಬೇಕಾದವನು ಯಾರು? ಇಂಜಿನಿಯರಿಂಗ್ ಓದುತ್ತಿರುವ ತಮ್ಮ.

"ಲೇ, ಪುಟ್ಟಿಗೆ ನಾಳೆ ವಿಧಾನಸೌಧ ಬೇಕಂತೆ ಕಣೋ."

"ಅಕ್ಕಾ, ಹೋದ್ ಸಲ ರಕ್ತಪರಿಚಲನೆ ನಾನೇ ಮಾಡಿದ್ದು. ಈ ಸಲ ಸರ್ಕಾರ ಭಾವನ ಕೈಲಿ ಮಾಡ್ಸು."

"ನಿಮ್ ಭಾವನ ಕೈಲಿ ಆಗಿದ್ದಿದ್ರೆ ನಿನ್ನ ಯಾಕೋ ಕರೀತಿದ್ದೆ?"

ಮಾತುಕತೆ ಒಂದು ಮಸಾಲೆ ದೋಸೆಯ ಬಳಿ ಇತ್ಯರ್ಥವಾಗುತ್ತದೆ. ತಮ್ಮ ಗೋಡೆ ಕತ್ತರಿಸುವ ಕೆಲಸ ಇಟ್ಟುಕೊಂಡು, ಬಣ್ಣವನ್ನು ರೂಂಮೇಟಿಗೆ ಒಪ್ಪಿಸುತ್ತಾನೆ, ಅದು ಉಪಗುತ್ತಿಗೆ. ನಡುರಾತ್ರಿಯಲ್ಲಿ ಮುಂದೆ ಹುಲ್ಲುಹಾಸು ಇದ್ದರೆ ಚೆಂದ ಎನಿಸಿ ಮರದ ಹೊಟ್ಟಿಗೆ ಹಸಿರು ಬಣ್ಣ ಬೆರೆಸುತ್ತಾರೆ, ಅದು ಹೆಚ್ಚುವರಿ ಕಾಮಗಾರಿ. ದೀಪಾವಳಿಯ ಸೀರಿಯಲ್ ಲೈಟು ಹಾಕುತ್ತಾರೆ, ಅದು ಅಂದಾಜು ಪಟ್ಟಿಯ ಪರಿಷ್ಕರಣೆ. ಮಗು? ಮಗು ಈ ಯೋಜನೆಯ ಫಲಾನುಭವಿ. ಶುರುವಿನಲ್ಲಿ ಸೆಲ್ಲೋ ಟೇಪ್ ಹಿಡಿದುಕೊಂಡು ನಿಂತಿದ್ದ ಫಲಾನುಭವಿ "ನಾನೂ ಅಂಟಿಸ್ತೀನಿ" ಎಂದದ್ದಕ್ಕೆ "ಸುಮ್ನಿರು, ಕೆಡಿಸ್ತೀಯ" ಎಂದು ಹೇಳಿಸಿಕೊಂಡು, ಒಂಬತ್ತೂವರೆಗೆ ನಿದ್ದೆ ಹೋಗಿರುತ್ತದೆ. ಬೆಳಗ್ಗೆ ಎದ್ದಾಗ ಅದರ ಹೆಸರಿನಲ್ಲಿ ಒಂದು ವಿಧಾನಸೌಧ ಸಿದ್ಧ. ಅಡಿಯಲ್ಲಿ ಸ್ಕೆಚ್ ಪೆನ್ನಿನಲ್ಲಿ ಹೆಸರು, ತರಗತಿ, ವಿಭಾಗ.

ಶಾಲೆಯಲ್ಲಿ ಗುಣಮಟ್ಟ ಪರಿಶೀಲನೆ. ತಾನೇ ಕತ್ತರಿಸಿ, ತಾನೇ ಅಂಟಿಸಿ, ಕಂಬಗಳು ಒಂದೊಂದು ಕಡೆಗೆ ವಾಲಿರುವ ವಿಧಾನಸೌಧ ತಂದ ಹುಡುಗನೊಬ್ಬ ಪ್ರತಿ ಕ್ಲಾಸಿನಲ್ಲೂ ಇರುತ್ತಾನೆ. ಅವನಿಗೆ ಹತ್ತಕ್ಕೆ ಐದು. "ಇನ್ನೂ ಸ್ವಲ್ಪ ನೀಟಾಗಿ ಮಾಡ್ಬೇಕಿತ್ತು ಪುಟ್ಟ." ಗುತ್ತಿಗೆಯಲ್ಲಿ ಕಟ್ಟಿಸಿದವರಿಗೆ ಒಂಬತ್ತೂವರೆ. ಆ ಅರ್ಧ ಅಂಕ ಯಾಕೆ ಹೋಯಿತು ಎಂದು ವಿಚಾರಿಸಲು ಅಮ್ಮ ಮರುದಿನ ಶಾಲೆಗೇ ಹೋಗುತ್ತಾಳೆ. ತಾನು ಕಟ್ಟದ ಕಟ್ಟಡದ ಅಂಕಕ್ಕಾಗಿ ಹೋರಾಡುವುದನ್ನು ಮಗು ಪಕ್ಕದಲ್ಲೇ ನಿಂತು ಕಲಿಯುತ್ತದೆ. ರೂಪಣಾತ್ಮಕ ಮೌಲ್ಯಮಾಪನ ಎಂದು ಇಲಾಖೆ ಹೇಳುವುದು ಇದನ್ನೇ ಇರಬೇಕು. ವ್ಯಕ್ತಿತ್ವ ರೂಪುಗೊಳ್ಳುವುದನ್ನು ಕಣ್ಣಾರೆ ನೋಡಬಹುದು.

ವಸ್ತುಪ್ರದರ್ಶನದ ದಿನ ಅತಿಥಿಗಳು ರಿಬ್ಬನ್ ಕತ್ತರಿಸಿ, ಮೂರು ಮಾಡೆಲ್ ನೋಡಿ, ನಾಲ್ಕನೆಯದರ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಸಂಜೆ ಅಷ್ಟೂ ವಿಧಾನಸೌಧಗಳು ಮುರಿದ ಬೆಂಚುಗಳಿರುವ ಕೋಣೆಗೆ ವರ್ಗಾವಣೆಯಾಗುತ್ತವೆ. ಇನ್ನೊಂದು ಸಣ್ಣ ವಿಷಯ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲೂ ಇದೆ. ಸರ್ಕಾರದ ಆದೇಶ ಮೀರಿ ಸರ್ಕಾರವನ್ನು ಕಟ್ಟುವುದು ಹೇಗೆ ಎನ್ನುವ ಪಾಠ ಹೀಗೆ ಉಚಿತವಾಗಿ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ಮಾಡೆಲ್ಲಿನಲ್ಲಿ ಏನಿರುತ್ತದೆ? ರಬ್ಬರ್ ಚೆಂಡು ಅರ್ಧ ಕತ್ತರಿಸಿ ಮಾಡಿದ ಗುಮ್ಮಟ, ಸಿಂಹಗಳ ಬದಲಿಗೆ ಅಂಟಿಸಿದ ನಾಣ್ಯ, ಐಸ್‌ಕ್ರೀಂ ಕಡ್ಡಿಯ ಕಂಬಗಳು. ನಿಜವಾದ ವಿಧಾನಸೌಧದ ಮುಂಭಾಗದಲ್ಲಿ ಕಲ್ಲಿನ ಕಂಬಗಳು 12, ಕಡ್ಡಿ ಎಷ್ಟು ಉಳಿದಿತ್ತೋ ಅಷ್ಟು ಕಂಬ ಮಾಡೆಲ್ಲಿನಲ್ಲಿ. ಅದಿರಲಿ. ಮಾಡೆಲ್ಲಿಗೆ ಹಿಡಿಸದ ಸಂಗತಿಗಳೇ ಆ ಕಟ್ಟಡದಲ್ಲಿ ರುಚಿಯಾದವು. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟರು, 1956ರಲ್ಲಿ ಕಟ್ಟಡ ಮುಗಿಯಿತು. ಹಟ ಹಿಡಿದು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಅದರ ಖರ್ಚಿನ ಬಗ್ಗೆ ವಿಚಾರಣೆ ಎದುರಿಸಬೇಕಾಯಿತು, ಅದೇ 1956ರಲ್ಲಿ ಮುಖ್ಯಮಂತ್ರಿಯ ಕುರ್ಚಿಯನ್ನೂ ಕಳೆದುಕೊಂಡರು. ಗ್ರಾನೈಟ್ ಹೊತ್ತವರಲ್ಲಿ ಜೈಲಿನ ಕೈದಿಗಳೇ ಬಹಳ ಮಂದಿ ಇದ್ದರು. ಅಂದರೆ ಒಂದು ಸರ್ಕಾರಿ ಕಟ್ಟಡದ ಕಥೆಯಲ್ಲಿ ಆಸೆ, ಹಟ, ಲೆಕ್ಕಪತ್ರ, ಜೈಲು, ಅವಿಶ್ವಾಸ ಎಲ್ಲವೂ ಇವೆ. ಒಂಬತ್ತು ವರ್ಷದ ಹುಡುಗಿಗೆ ಇದನ್ನು ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾಳೆ. ಹೇಳುವುದಿಲ್ಲ. ಹೇಳಿದರೆ ಪ್ರಶ್ನೆ ಕೇಳುತ್ತಾಳೆ. ಬಾಗಿಲ ಮೇಲಿನ "ಸರ್ಕಾರದ ಕೆಲಸ ದೇವರ ಕೆಲಸ" ಎನ್ನುವ ಬರಹವನ್ನು ಮಾತ್ರ ಎಲ್ಲ ಮಾಡೆಲ್ಲಿನಲ್ಲೂ ತಪ್ಪದೆ ಬರೆಸುತ್ತಾರೆ. ದೇವರ ಕೆಲಸಕ್ಕೆ ಯಾರೂ ಪ್ರಶ್ನೆ ಕೇಳುವುದಿಲ್ಲವಲ್ಲ.

ವಿಧಾನಸೌಧದ ಇವತ್ತಿನ ಸುತ್ತಮುತ್ತಲನ್ನೂ ಯಾರೂ ಮಾಡೆಲ್ ಮಾಡುವುದಿಲ್ಲ. ಬೆಂಗಳೂರಿನಲ್ಲಿ ಅಧಿಕಾರದ ಪ್ರತ್ಯೇಕತೆ ಎಂದರೆ ಅಂಬೇಡ್ಕರ್ ವೀಧಿಯ ಟ್ರಾಫಿಕ್. ರಸ್ತೆಯ ಈಚೆ ಬಿಳಿ ಕಟ್ಟಡದಲ್ಲಿ ಶಾಸಕಾಂಗ, ಆಚೆ ಕೆಂಪು ಅಠಾರ ಕಚೇರಿಯಲ್ಲಿ ಹೈಕೋರ್ಟು. ಮೂರನೆಯ ಅಂಗ ಹತ್ತಿರದಲ್ಲೇ ಬಹುಮಹಡಿ ಕಟ್ಟಡದಲ್ಲಿ ಕಡತಗಳ ನಡುವೆ ಟೀ ಕುಡಿಯುತ್ತಿರುತ್ತದೆ. ನಾಡಿನ ಬಹುಪಾಲು ಸರ್ಕಾರ ನಡೆಯುವುದೇ ಅಲ್ಲಿ. ಅದಕ್ಕೆ ಗುಮ್ಮಟವಿಲ್ಲ, ಹಾಗಾಗಿ ಯಾವ ಮಗುವೂ ಅದರ ಮಾಡೆಲ್ ಮಾಡಿದ್ದನ್ನು ನಾನು ಕಂಡಿಲ್ಲ. ಇನ್ನು ಪ್ರಜೆ ನಿಲ್ಲುವ ಜಾಗ: ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಗೊತ್ತುಮಾಡಿದ್ದಾರೆ. ಅದು ಹಳೆಯ ಸೆಂಟ್ರಲ್ ಜೈಲು. ಒಂದು ಕಾಲಕ್ಕೆ ಜೈಲಿನವರು ಬಂದು ವಿಧಾನಸೌಧ ಕಟ್ಟಿದರು, ಈಗ ವಿಧಾನಸೌಧಕ್ಕೆ ಏನಾದರೂ ಹೇಳಬೇಕಾದವರು ಜೈಲಿನೊಳಗೆ ಹೋಗಿ ಕೂಗಬೇಕು. ಇದನ್ನು ಒಂದು ಪ್ಲೈವುಡ್ ಹಲಗೆಯ ಮೇಲೆ ಬೊಂಬೆಗಳನ್ನಿಟ್ಟು ತೋರಿಸಿದರೆ ಅದಲ್ಲವೇ ಪೌರನೀತಿ?

ಮಾಡೆಲ್ಲಿಗಿಂತ ಚಾರ್ಟು ಅಗ್ಗ, ಆದ್ದರಿಂದ ಅದರಲ್ಲಿ ಸುಳ್ಳೂ ಜಾಸ್ತಿ ಹಿಡಿಸುತ್ತದೆ. ಸ್ಥಳೀಯ ಸರ್ಕಾರದ ಚಾರ್ಟನ್ನೇ ನೋಡಿ. ಗ್ರಾಮ ಪಂಚಾಯಿತಿಯಿಂದ ತಾಲ್ಲೂಕು ಪಂಚಾಯಿತಿಗೆ ಒಂದು ಬಾಣ, ಅಲ್ಲಿಂದ ಜಿಲ್ಲಾ ಪಂಚಾಯಿತಿಗೆ ಇನ್ನೊಂದು. "ಸದಸ್ಯರನ್ನು ಐದು ವರ್ಷಕ್ಕೊಮ್ಮೆ ಜನರು ಆರಿಸುತ್ತಾರೆ" ಎಂದು ಕೆಳಗೆ ಹೂವಿನ ಚಿತ್ತಾರದೊಳಗೆ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ ಸಂವಿಧಾನದ 243ಇ ವಿಧಿ. ಕರ್ನಾಟಕದಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಮತದಾನವಾಯಿತು, 2021ಕ್ಕೆ ಅವಧಿ ತೀರಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ಮತ್ತೆ ಪಟ್ಟಿ. ವರ್ಷಗಟ್ಟಲೆ ಬಾಣಗಳಿದ್ದವು, ಬಾಣ ಹೋಗಿ ಮುಟ್ಟುವ ಕಡೆ ಚುನಾಯಿತರು ಯಾರೂ ಇರಲಿಲ್ಲ. ಬೆಂಗಳೂರಿನದು ಇನ್ನೂ ಚೆಂದ. 2015ರಲ್ಲಿ ಆರಿಸಿದ ಪಾಲಿಕೆ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಐದು ವರ್ಷ ಮೇಯರ್ ಇಲ್ಲದೆ ಕಳೆದು, 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿದರು. ಈ ಅವಧಿಯಲ್ಲಿ ಒಂದನೆಯ ಕ್ಲಾಸಿಗೆ ಸೇರಿದ ಮಗು ಮೇಯರನ್ನು ಒಮ್ಮೆಯೂ ಕಾಣದೆ ಐದನೆಯ ಕ್ಲಾಸಿಗೆ ಬಂತು. ಆದರೂ ಅದರ ಚಾರ್ಟಿನಲ್ಲಿ "ಮಹಾಪೌರರು ನಗರದ ಪ್ರಥಮ ಪ್ರಜೆ" ಎಂದೇ ಇತ್ತು, ಅದಕ್ಕೆ ರೈಟ್ ಗುರುತೂ ಬಿದ್ದಿತ್ತು.

ಶಾಸಕರ ವಿಷಯಕ್ಕೆ ಬಂದರೆ ಚಾರ್ಟು 224 ಎಂಬ ಅಂಕಿ ಬರೆದು ಸುಮ್ಮನಾಗುತ್ತದೆ. ಆ 224 ಮಂದಿ ಸದಾ ಒಂದೇ ಸೂರಿನ ಕೆಳಗಿರುತ್ತಾರೆಂದು ಮಗು ತಿಳಿದುಕೊಂಡರೆ ತಪ್ಪು ಯಾರದು? 2019ರ ಜುಲೈನಲ್ಲಿ ಒಂದಿಷ್ಟು ಮಂದಿ ಮುಂಬೈ ಹೋಟೆಲಿನಲ್ಲಿ, ಉಳಿದವರು ಪಕ್ಷವಾರು ರೆಸಾರ್ಟುಗಳಲ್ಲಿ ಇದ್ದರು. ಸರ್ಕಾರ ಬಿತ್ತು, 17 ಮಂದಿ ಅನರ್ಹರಾದರು. ಆ ವರ್ಷ ನಿಜವಾದ ಮಾಡೆಲ್ ಮಾಡಬೇಕಾಗಿದ್ದರೆ ವಿಧಾನಸೌಧದ ಜೊತೆ ಒಂದು ಈಜುಕೊಳ, ಎರಡು ವೋಲ್ವೋ ಬಸ್ಸು ಬೇಕಾಗುತ್ತಿದ್ದವು. ಬಸ್ಸುಗಳಾದರೆ ಮನೆಯಲ್ಲಿ ಆಟಿಕೆಗಳೇ ಇರುತ್ತವೆ, ಖರ್ಚೂ ಇಲ್ಲ.

ಶಾಲಾ ಸಂಸತ್ತು ಎಂದೊಂದು ಇದೆ, ಅದನ್ನು ಹೊಗಳದಿದ್ದರೆ ಅನ್ಯಾಯವಾಗುತ್ತದೆ. ಮೊಬೈಲನ್ನೇ ಮತಯಂತ್ರ ಮಾಡಿ ಬೀಪ್ ಅನ್ನಿಸಿ, ಬೆರಳಿಗೆ ಮಸಿ ಹಚ್ಚಿ, ಮಕ್ಕಳು ಉಸಿರು ಬಿಗಿಹಿಡಿದು ಓಟು ಹಾಕುತ್ತಾರೆ. ಆಮೇಲೆ ಮುಖ್ಯೋಪಾಧ್ಯಾಯರು "ಅವನು ಬೇಡ, ಅವನು ಮಾತು ಜಾಸ್ತಿ" ಎಂದು ಹೈಕಮಾಂಡಿನ ಕೆಲಸವನ್ನೂ ಮಾಡಿ ಮುಗಿಸುತ್ತಾರೆ. ಆಹಾರ ಮಂತ್ರಿ ಬಿಸಿಯೂಟದ ತಟ್ಟೆ ಎಣಿಸುತ್ತಾನೆ. ಸ್ವಚ್ಛತಾ ಮಂತ್ರಿ ಕಸ ಗುಡಿಸುತ್ತಾಳೆ, ನಾಡಿನಲ್ಲಿ ತನ್ನ ಖಾತೆಯ ಕೆಲಸವನ್ನು ಖುದ್ದು ಮಾಡುವ ಮಂತ್ರಿ ಇವಳೊಬ್ಬಳೇ ಇರಬೇಕು. ವಿರೋಧ ಪಕ್ಷದ ನಾಯಕನ ಹೊಣೆ ಪ್ರಾರ್ಥನೆಯಲ್ಲಿ ಸಾಲು ನೆಟ್ಟಗಿರುವಂತೆ, ಯಾರೂ ಮಾತಾಡದಂತೆ ನೋಡಿಕೊಳ್ಳುವುದು.

ನಮ್ಮಲ್ಲಿ ಮಕ್ಕಳ ಕೈಯಿಂದ ಸರ್ಕಾರವನ್ನು ನಿಜವಾಗಿ ಬಿಡಿಸಿ ತೋರಿಸುವ ವ್ಯವಸ್ಥೆ ಇಲ್ಲವೆಂದಲ್ಲ. ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು ತೊಂಬತ್ತರ ದಶಕದಲ್ಲೇ ನಡೆದವು, 2006ರಲ್ಲಿ ಸರ್ಕಾರವೇ ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಹೇಳಿತು. ಇಲ್ಲಿ ಥರ್ಮಾಕೋಲ್ ಬೇಡ, ಒಂದು ಚಾರ್ಟ್ ಪೇಪರ್ ಸಾಕು. ಮಗು ತನ್ನ ಮನೆಯಿಂದ ಶಾಲೆಯವರೆಗಿನ ದಾರಿ ಬಿಡಿಸುತ್ತದೆ. ಮಳೆಗಾಲದಲ್ಲಿ ಹಳ್ಳ ಎಲ್ಲಿ ಏರುತ್ತದೆ, ಕರೆಂಟ್ ಕಂಬ ಎಲ್ಲಿ ವಾಲಿದೆ, ಹೆಂಡದಂಗಡಿ ಎಲ್ಲಿದೆ, ಬೀಗ ಹಾಕಿದ ಶೌಚಾಲಯ ಯಾವುದು, ಬೀಗದ ಕೈ ಯಾರ ಸೊಂಟದಲ್ಲಿದೆ, ಎಲ್ಲವನ್ನೂ ಅಂಥ ನಕ್ಷೆಯಲ್ಲಿ ಗುರುತು ಮಾಡಬಹುದು. ಬಣ್ಣ ಆಚೆಗೆ ಚೆಲ್ಲಿರುತ್ತದೆ, ಹಳ್ಳ ರಸ್ತೆಗಿಂತ ದೊಡ್ಡದಾಗಿರುತ್ತದೆ. ಬಿಡಿಸಿದವಳ ಸೊಂಟದ ಮಟ್ಟಕ್ಕೆ ನೀರು ಬರುವಾಗ ಹಳ್ಳ ದೊಡ್ಡದೇ.

ಇಂಥ ನಕ್ಷೆಯನ್ನು ಐದನೆಯ ಕ್ಲಾಸಿನ ಹುಡುಗಿ ವೇದಿಕೆಯ ಮೇಲೆ ಬಿಡಿಸಿ ಹಿಡಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಪಿಡಿಒ ಕೆಳಗೆ ನೋಡುತ್ತಾರೆ. ಅಧ್ಯಕ್ಷರು ಫೋನ್ ನೋಡುತ್ತಾರೆ. ಮುಖ್ಯೋಪಾಧ್ಯಾಯರು ಹುಡುಗಿಯನ್ನು ನೋಡುತ್ತಾರೆ. ಕೊನೆಗೆ ತಾಲ್ಲೂಕಿನಿಂದ ಬಂದ ಅಧಿಕಾರಿ ಮೈಕ್ ತೆಗೆದುಕೊಂಡು, ಹತ್ತಾರು ವಸ್ತುಪ್ರದರ್ಶನಗಳಲ್ಲಿ ನೂರಾರು ವಿಧಾನಸೌಧಗಳ ಮುಂದೆ ಬಾಯಿಗೆ ಬಾರದ ಪ್ರಶ್ನೆಯನ್ನು ಈಗ ಕೇಳುತ್ತಾರೆ: "ಇದನ್ನ ನೀನೇ ಮಾಡಿದ್ಯಾ ಮರಿ, ಯಾರಾದ್ರೂ ಮಾಡಿಕೊಟ್ರಾ?"

ತಾನೇ ಮಾಡಿದ್ದು ಎಂದು ಖಾತ್ರಿಯಾದ ಮೇಲೆ ಜೋರು ಚಪ್ಪಾಳೆ. ನಕ್ಷೆಗೆ ಲ್ಯಾಮಿನೇಷನ್ ಮಾಡಿಸಿ ಪಂಚಾಯಿತಿ ಕಚೇರಿಯ ಗೋಡೆಗೆ ಹಾಕಬೇಕೆಂದು ನಿರ್ಣಯ. ಹಳ್ಳಕ್ಕೆ ಮೋರಿ ಕಟ್ಟಿಸುವ ಬೇಡಿಕೆ ಮುಂದಿನ ಸಾಲಿನ ಕ್ರಿಯಾಯೋಜನೆಗೆ. ಲ್ಯಾಮಿನೇಷನ್ ಬಿಲ್ ಅದೇ ವಾರ ಪಾಸು.