ಗಾಲಿಗೆ ಜ್ವರ ನೋಡುವ ಅಣ್ಣ

ಹೆದ್ದಾರಿ 66ರಲ್ಲಿ ಕುಮಟಾದಿಂದ ಭಟ್ಕಳದ ಕಡೆ ಹೋಗುವವರು ಇವನನ್ನು ಒಮ್ಮೆಯಾದರೂ ಕಂಡಿರುತ್ತೀರಿ. ಹೊಳೆಗದ್ದೆ ಟೋಲ್ ದಾಟಿ ಸ್ವಲ್ಪ ದೂರಕ್ಕೆ, ರಸ್ತೆ ಬದಿಗೊಂದು ಬೊಲೆರೊ. ಅದರ ಹಿಂದೆ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಎರಡು ಗಾಲಿಯ ಟ್ರೈಲರ್, ಮೇಲೆ ಹಗ್ಗ ಬಿಗಿದ ಫೈಬರ್ ದೋಣಿ. ಲುಂಗಿ ಎತ್ತಿ ಕಟ್ಟಿದವನೊಬ್ಬ ಗಾಲಿಗೆ ಗುರಿಯಿಟ್ಟು ನಿಂತಿರುತ್ತಾನೆ. ಗಾಬರಿ ಬೇಡ. ಬೇರಿಂಗ್ ಬಿಸಿಯಾಗಿದೆಯೋ ಎಂದು ಟೆಂಪರೇಚರ್ ಗನ್ನಿನಲ್ಲಿ ನೋಡುತ್ತಿದ್ದಾನೆ, ಅಷ್ಟೆ.

ಇವನೇ ಗನ್ನಣ್ಣ. ನಮ್ಮ ಮೂರೂ ತಾಲ್ಲೂಕಿನಲ್ಲಿ ಊರಿಗೊಬ್ಬ ಇದ್ದಾನೆ. ಭಟ್ಕಳದವನ ಗನ್ನು ದುಬೈನಿಂದ ಬಂದದ್ದು. ಅದನ್ನು ಮುಟ್ಟಲು ಮನೆಯವರಿಗೂ ಅನುಮತಿಯಿಲ್ಲ. ಹೊನ್ನಾವರದವನದು ಆನ್‌ಲೈನ್ ಆಫರಿನದು. ಕುಮಟಾದವನು ಮಾತ್ರ 2020ರ ಕೊರೊನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಗಿರಾಕಿಗಳ ಹಣೆಗೆ ಹಿಡಿಯುತ್ತಿದ್ದ ಗನ್ನನ್ನೇ ಗಾಲಿಗೂ ಹಿಡಿಯುತ್ತಾನೆ. ಅದು ಮನುಷ್ಯರ ಜ್ವರಕ್ಕೆಂದು ಮಾಡಿದ್ದು, ಸುಮಾರು 43 ಡಿಗ್ರಿ ದಾಟಿದರೆ ಬರೀ ‘ಹೈ’ ಎನ್ನುತ್ತದೆ. ಹಾಗಾಗಿ ಅವನ ಟ್ರೈಲರಿಗೆ ಸದಾ ಜ್ವರ.

ಗನ್ನಣ್ಣನಿಗೆ ಆಗದವರೆಂದರೆ ಮೀನು ಲಾರಿಯ ಡ್ರೈವರುಗಳು. ಅವರು ಟೀಗೆ ನಿಂತಾಗ ಕೈಯ ಹಿಂಭಾಗವನ್ನು ಗಾಲಿಯ ನಡುವಿನ ಹಬ್ಬಿಗೆ ತಾಗಿಸಿ, “ಅಡ್ಡಿಲ್ಲ” ಎಂದು ಹೊರಟುಬಿಡುತ್ತಾರೆ. ಗನ್ನಣ್ಣ ಬೆನ್ನು ಹತ್ತಿ ಕೇಳುತ್ತಾನೆ: “ಅಡ್ಡಿಲ್ಲ ಅಂದ್ರೆ ಎಷ್ಟು ಡಿಗ್ರಿ ಮಾರಾಯಾ?” ಇದಕ್ಕೆ ಕರಾವಳಿಯಲ್ಲಿ ಯಾರೂ ಈವರೆಗೆ ಉತ್ತರ ಕೊಟ್ಟಿಲ್ಲ.

ಅವನ ಹತ್ತಿರ ದೊಡ್ಡ ಸಾಕ್ಷಿಯೂ ಇದೆ: “ರೈಲ್ವೆಯವರು ಹಾಟ್ ಆಕ್ಸಲ್ ಹಿಡಿಯೋದು ಇದ್ರಲ್ಲೇ.” ಸುಳ್ಳಲ್ಲ. ಆದರೆ ರೈಲ್ವೆಯವರು ಹತ್ತಿರ ಹೋಗಿ, ಪ್ರತಿ ಗಾಲಿಯಲ್ಲೂ ಅದೇ ಜಾಗಕ್ಕೆ ಹಿಡಿದು, ಒಂದನ್ನು ಇನ್ನೊಂದರ ಜೊತೆ ಹೋಲಿಸುತ್ತಾರೆ. ನಮ್ಮವನು ಬೊಲೆರೊ ಬಾಗಿಲಿಗೆ ಒರಗಿಕೊಂಡೇ ಗುರಿಯಿಡುತ್ತಾನೆ. ಕೆಂಪು ಚುಕ್ಕಿ ಬಿದ್ದಷ್ಟೇ ಜಾಗದ ಬಿಸಿ ಅದರಲ್ಲಿ ಬರುತ್ತದೆಂದು ಅವನ ನಂಬಿಕೆ. ಸಾಮಾನ್ಯ ಗನ್ನು 3 ಮೀಟರ್ ದೂರದಿಂದ 25 ಸೆಂಟಿಮೀಟರ್ ಅಗಲದ ಜಾಗ ನೋಡುತ್ತದೆ. ಹಬ್ಬು, ಟೈರು, ಅದರಾಚೆಯ ಡಾಂಬರು ಎಲ್ಲ ಕೂಡಿಸಿ ಭಾಗಿಸಿದ ಡಿಗ್ರಿ ಅದು.

ಒಂದು ಕಾಲಕ್ಕೆ ಹೊನ್ನಾವರದವನ ಬಲಗಾಲಿಗೆ ಶನಿ ಹಿಡಿದಿತ್ತು. ಸಂಜೆ ಭಟ್ಕಳಕ್ಕೆ ಹೋಗುವಾಗ ಎಡಕ್ಕೆ 41, ಬಲಕ್ಕೆ 48. ಬೆಳಿಗ್ಗೆ ತಿರುಗಿ ಬರುವಾಗಲೂ ಬಲಕ್ಕೇ ಹೆಚ್ಚು. ಬೇರಿಂಗ್ ಬದಲಾಯಿಸಿದ, ಆದರೂ ಅಷ್ಟೇ. ಕೊನೆಗೆ ಜೊತೆಗಿದ್ದ ಹುಡುಗ ಹೇಳಿದ: “ಅಣ್ಣಾ, ಬಲಗಡೆ ಬಿಸಿಲು ಹೊಡೀತದಲ್ಲ.” ತೆಂಕಕ್ಕೆ ಹೋಗುವಾಗ ಬಲಕ್ಕೆ ಸಮುದ್ರ, ಅದರ ಮೇಲೆ ಸಂಜೆಯ ಸೂರ್ಯ. ಬಡಗಕ್ಕೆ ಬರುವಾಗ ಬಲಕ್ಕೆ ಘಟ್ಟ, ಅದರ ಮೇಲೆ ಬೆಳಗಿನ ಸೂರ್ಯ. ಹುಡುಗನಿಗೆ ಆ ದಿನ ಟೀ ಸಿಗಲಿಲ್ಲ.

ಆಮೇಲೆ ಪಾಲಿಶ್ ಪರ್ವ. ಹಬ್ಬಿನ ಮುಚ್ಚಳಗಳನ್ನು ಬ್ರಾಸೋ ಹಾಕಿ ಮುಖ ಕಾಣುವಷ್ಟು ತಿಕ್ಕಿದ. ಡಿಗ್ರಿ ಇಳಿದು 34ಕ್ಕೆ ಬಂತು! ಕಾಸರಕೋಡಿನಲ್ಲಿ ಶರಾವತಿಗೆ ದೋಣಿ ಇಳಿಸುವ ಮೊದಲು ಸಿಕ್ಕಸಿಕ್ಕವರಿಗೆಲ್ಲ ತೋರಿಸಿದ. ಅಲ್ಲೊಬ್ಬ ಮುದಿ ಮೇಸ್ತ್ರಿ ಏನೂ ಮಾತಾಡದೆ, ಜೇಬಿನಿಂದ ಕಪ್ಪು ಇನ್ಸುಲೇಷನ್ ಟೇಪ್ ತೆಗೆದು ಎರಡೂ ಮುಚ್ಚಳಕ್ಕೆ ಒಂದೊಂದು ತುಂಡು ಅಂಟಿಸಿ, ಬೀಡಿ ಹಚ್ಚಿದರು. ಬೀಡಿ ಮುಗಿದ ಮೇಲೆ, “ಈಗ ಟೇಪಿಗೆ ಹಿಡಿ, ಹತ್ತಿರದಿಂದ” ಅಂದರು. ಬಲಕ್ಕೆ 42. ಎಡಕ್ಕೆ 63.

ಹೊಳೆಯುವ ಲೋಹ ತನ್ನ ಶಾಖವನ್ನು ಗನ್ನಿಗೆ ಸರಿಯಾಗಿ ತೋರಿಸುವುದಿಲ್ಲ, ಸುತ್ತಲಿನ ಶಾಖವನ್ನೇ ಮರಳಿಸುತ್ತದೆ. ಗನ್ನಣ್ಣ ಇಷ್ಟು ದಿನ ಅಳೆದದ್ದು ಹೊನ್ನಾವರದ ಹವೆಯನ್ನು.

ಮೇಸ್ತ್ರಿ ಜಾಕ್ ಕೊಟ್ಟು ಎಡಗಾಲಿ ಎತ್ತಿದರು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಕೈಯಲ್ಲಿ ತಿರುಗಿಸಿದರೆ ಗರಗರ ಸದ್ದು. ಬಿಚ್ಚಿದರೆ ಒಳಗಿನ ಗ್ರೀಸೆಲ್ಲ ಮಜ್ಜಿಗೆಯಾಗಿತ್ತು. ದೋಣಿ ಟ್ರೈಲರಿನ ಕಥೆ ಬೇರೆ ಟ್ರೈಲರಿನಂತಲ್ಲ. ರಸ್ತೆಯಲ್ಲಿ ಓಡಿ ಬಿಸಿಯಾದ ಹಬ್ಬನ್ನು ನೇರ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಸೀಲ್ ಹಳತಾಗಿದ್ದರೆ ಅದರ ಸಂದಿಯಿಂದ ಉಪ್ಪುನೀರು ಒಳಗೆ ಎಳೆದುಕೊಳ್ಳುತ್ತದೆ. ಕೆಟ್ಟದ್ದು ಎಡಗಾಲಿ; ಹೊಸ ಬೇರಿಂಗ್ ಕಂಡದ್ದು ಬಲಗಾಲಿ.

ಗನ್ನಣ್ಣ ಸೋತನೆಂದುಕೊಂಡಿರಾ? “ನೋಡಿದ್ರಾ, ಗನ್ನು ಸುಳ್ಳು ಹೇಳುದಿಲ್ಲ” ಎಂದು ಮೇಸ್ತ್ರಿಗೇ ತಿಳಿಸಿದ. ಹೋಟೆಲಿನಲ್ಲಿ ಅವರ ಟೀಗೂ ಹಿಡಿದು, “71, ಈಗ ಕುಡೀಬೇಡಿ” ಅಂದ. ಮೇಸ್ತ್ರಿ ಆಗಲೇ ಅರ್ಧ ಕುಡಿದಿದ್ದರು.

ನನಗೆ ಗನ್ನಿನ ಮೇಲೆ ಸಿಟ್ಟಿಲ್ಲ. ಟೇಪ್ ಅಂಟಿಸಿ, ನೆರಳಲ್ಲಿ, ಎರಡೂ ಕಡೆ ಹೋಲಿಸಿ ನೋಡಿದರೆ ಅದು ಕೆಲಸಕ್ಕೆ ಬರುವ ಸಾಮಾನೇ. ನಿಮ್ಮ ಮನೆಯಲ್ಲೂ ದೋಣಿ ಟ್ರೈಲರ್ ಇದ್ದರೆ, ನೀರಿಗಿಳಿಸುವ ಮೊದಲು ಗಾಲಿ ಆರಲು ಬಿಡಿ. ಗ್ರೀಸ್ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್; ಊರಿನ ಬೋಟೆಲ್ಲ ಆಗಲೇ ರಿಪೇರಿಗೆ ಏರುವುದರಿಂದ, ಒಳ್ಳೆಯ ಮೇಸ್ತ್ರಿ ಯಾರ ಕೈಗೂ ಸಿಗುವುದಿಲ್ಲ.