ಸಾವಿರ ತಲೆಯ ಮುದ್ರಾರಾಕ್ಷಸ

ಮುದ್ರಣವೆಂಬ ವಿದ್ಯೆ ಹುಟ್ಟಿದ್ದೇ ಒಂದರಂತೆ ಇನ್ನೊಂದನ್ನು ಮಾಡಲೆಂದು; ಮೊದಲನೆಯ ಪ್ರತಿಯಲ್ಲಿರುವುದು ಸಾವಿರನೆಯ ಪ್ರತಿಯಲ್ಲಿಯೂ ಚಾಚೂ ತಪ್ಪದೆ ಇರಬೇಕೆಂಬುದು ಅದರ ಕುಲಧರ್ಮ. ಈ ಧರ್ಮ ತಪ್ಪುಗಳಿಗೂ ಅನ್ವಯಿಸುವುದರಿಂದ, ಮೊಳೆ ಜೋಡಿಸುವವರ ಕೈತಪ್ಪಿ ಲಗ್ನಪತ್ರಿಕೆಯ ‘ವರ’ನು ‘ಮರ’ವಾದರೆ, ಕರೆಯಿಸಿಕೊಂಡ ಸಾವಿರ ಮಂದಿಗೂ ಪಕ್ಷಪಾತವಿಲ್ಲದೆ ಮರವೇ ತಲುಪುತ್ತಿತ್ತು. ಇಂತಹ ಪ್ರಮಾದಗಳ ಹೊಣೆಯನ್ನು ಕನ್ನಡದ ಸಂಪಾದಕರು ತಲೆಮಾರುಗಳಿಂದ ಮುದ್ರಾರಾಕ್ಷಸನ ಹೆಗಲಿಗೇರಿಸುತ್ತ ಬಂದಿದ್ದಾರೆ. ವಿಶಾಖದತ್ತನ ‘ಮುದ್ರಾರಾಕ್ಷಸ’ವೆಂಬ ಸಂಸ್ಕೃತ ನಾಟಕದಲ್ಲಿ ಮುದ್ರೆಯೆಂದರೆ ಮುದ್ರೆಯುಂಗುರ, ರಾಕ್ಷಸನೆಂದರೆ ನಂದರ ನಿಷ್ಠಾವಂತ ಅಮಾತ್ಯ. ಅಚ್ಚುಕೂಟದ ಬಾಗಿಲನ್ನೇ ಕಾಣದ ಆ ಸಜ್ಜನನು ಕೇವಲ ಹೆಸರಿನ ದೆಸೆಯಿಂದ ಅಕ್ಷರದೋಷಗಳ ಆಪಾದನೆಯನ್ನು ಹೊತ್ತು ನಿಂತಿದ್ದಾನೆ. ಆದರೂ ಆತನಿಗೆ ಇದ್ದುದು ಒಂದೇ ತಲೆ. ಅದನ್ನು ಸಾವಿರಕ್ಕೇರಿಸಿದ ಕೀರ್ತಿ ವೇರಿಯಬಲ್ ಡೇಟಾ ಪ್ರಿಂಟಿಂಗ್ ಎಂಬ ವಿಧಾನದ ತಂತ್ರಾಂಶಕ್ಕೆ ಸಲ್ಲಬೇಕು.

ಬದಲಾಗುವ ವಿವರಗಳ ಮುದ್ರಣವೆಂದು ಇದನ್ನು ಕನ್ನಡಿಸಬಹುದು. ವಿನ್ಯಾಸವು ಒಂದೇ ಆಗಿದ್ದು, ಅದರೊಳಗಿನ ಹೆಸರು, ವಿಳಾಸ, ಕ್ರಮಾಂಕ, ಭಾವಚಿತ್ರ ಮುಂತಾದವು ಪ್ರತಿಯಿಂದ ಪ್ರತಿಗೆ ಬೇರೆಯಾಗುವಂತೆ, ಒಂದು ಪಟ್ಟಿಯಿಂದ ವಿವರಗಳನ್ನು ಎತ್ತಿ ಹಾಳೆಯ ಮೇಲೆ ಕೂರಿಸುವ ವಿಧಾನವಿದು. ಬಯಕೆಯೇನೋ ಹೊಸದಲ್ಲ. ಗುಟೆನ್‌ಬರ್ಗನ ಕಾಲದಲ್ಲಿ, 1454ರ ಸುಮಾರಿಗೆ, ಮೈನ್ಸ್ ನಗರದಲ್ಲಿ ಅಚ್ಚಾದ ಪಾಪಕ್ಷಮಾಪತ್ರಗಳಲ್ಲಿ ಹೆಸರಿಗೂ ದಿನಾಂಕಕ್ಕೂ ಜಾಗವನ್ನು ಖಾಲಿ ಬಿಡಲಾಗಿತ್ತು. ಕ್ಷಮೆ ಎಲ್ಲರಿಗೂ ಒಂದೇ ಆಗಿದ್ದು ಪಾಪಿಗಳು ಮಾತ್ರ ಬೇರೆ ಬೇರೆಯಾಗಿದ್ದುದರಿಂದ, ಉಳಿದುದನ್ನು ಲೇಖನಿಯಿಂದ ತುಂಬಿಕೊಳ್ಳುತ್ತಿದ್ದರು. ಕರ್ನಾಟಕದ ಸಣ್ಣ ಊರುಗಳ ಪ್ರೆಸ್ಸುಗಳಲ್ಲಿ ರಸೀದಿ ಪುಸ್ತಕಗಳಿಗೆ ಕ್ರಮಾಂಕ ಒತ್ತುವ ನಂಬರಿಂಗ್ ಮಷೀನು ಸಹ, ಒಂದು ಹೊಡೆತಕ್ಕೆ ಒಂದು ಅಂಕಿ ಸರಿಯುತ್ತ, ಇದೇ ಕೆಲಸವನ್ನು ಯಾವ ತಂತ್ರಾಂಶದ ಹಂಗೂ ಇಲ್ಲದೆ ಮಾಡಿಕೊಂಡು ಬಂದಿದೆ. ಅದರ ಪುಣ್ಯವೆಂದರೆ, ಅಂಕಿಗಳಿಗೆ ಇನಿಷಿಯಲ್ಲುಗಳಿಲ್ಲ, ವಿಭಕ್ತಿಯಿಲ್ಲ, ಮುನಿಸೂ ಇಲ್ಲ.

ಆಫ್‌ಸೆಟ್ ಯಂತ್ರದಲ್ಲಿ ಪ್ಲೇಟು, ಅಂದರೆ ಅಚ್ಚಿನ ರೂಪವನ್ನು ಹೊತ್ತ ಲೋಹದ ತಗಡು, ಒಮ್ಮೆ ಸಿದ್ಧವಾದರೆ ಅದು ಹೇಳಿದ್ದನ್ನೇ ಹೇಳುತ್ತದೆ. ಪ್ರತಿಗಳು ಹೆಚ್ಚಿದಷ್ಟೂ ಬಿಡಿ ಪ್ರತಿಯ ವೆಚ್ಚ ಇಳಿಯುತ್ತದೆ. 1993ರಲ್ಲಿ ಇಂಡಿಗೊ ಮತ್ತು ಜೈಕಾನ್ ಸಂಸ್ಥೆಗಳು ಹೊರತಂದ ಡಿಜಿಟಲ್ ಬಣ್ಣದ ಯಂತ್ರಗಳು ಇಂತಹ ತಗಡನ್ನೇ ಬಿಟ್ಟುಕೊಟ್ಟು, ಪ್ರತಿ ಸುತ್ತಿಗೂ ಬೇರೆ ಚಿತ್ರ ಮೂಡಿಸುವ ಸಾಮರ್ಥ್ಯವನ್ನು ಪಡೆದವು. ಆದರೆ ಪುಟದ ವಿನ್ಯಾಸವನ್ನು ಯಂತ್ರಕ್ಕೆ ಅರ್ಥವಾಗುವ ಚುಕ್ಕೆಗಳಾಗಿ ಒಡೆಯುವ ರಿಪ್ ಎಂಬ ಘಟಕವು, ಪ್ರತಿ ಪುಟವನ್ನೂ ಹೊಸದೆಂದೇ ಭಾವಿಸಿ ಮೊದಲಿನಿಂದ ಒಡೆಯತೊಡಗಿದರೆ, ಯಂತ್ರವು ಕಾಯುತ್ತ ಕೂರಬೇಕಾಗುತ್ತದೆ. ಪಂಕ್ತಿಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಹೊಸದಾಗಿ ಅಕ್ಕಿ ತೊಳೆದು ಅನ್ನಕ್ಕಿಡುವ ಅಡುಗೆಯವರ ಸ್ಥಿತಿ ಅದು. ಅನ್ನವನ್ನು ಒಮ್ಮೆಲೇ ಬೇಯಿಸಿಟ್ಟು, ಎಲೆಯಿಂದ ಎಲೆಗೆ ಪಲ್ಯವನ್ನಷ್ಟೇ ಬದಲಿಸಬಹುದೆಂಬ ತಿಳಿವಳಿಕೆಯನ್ನು ಯಂತ್ರಗಳಿಗೆ ಕಲಿಸಲು 2010ರಲ್ಲಿ ಪಿಡಿಎಫ್/ವಿಟಿ ಎಂಬ ಅಂತರರಾಷ್ಟ್ರೀಯ ಮಾನಕವನ್ನೇ ರೂಪಿಸಬೇಕಾಯಿತು.

ಯಂತ್ರದ ತೊಡಕು ಹೀಗೆ ಬಗೆಹರಿದರೂ ಪಟ್ಟಿಯ ತೊಡಕು ಬಗೆಹರಿಯುವಂಥದ್ದಲ್ಲ. ತಂತ್ರಾಂಶ ಮಾರುವವರು ಪ್ರಾತ್ಯಕ್ಷಿಕೆಗೆ ತರುವ ಪಟ್ಟಿಯಲ್ಲಿ ಹತ್ತು ಹೆಸರುಗಳಿರುತ್ತವೆ. ಹತ್ತೂ ಮೂರಕ್ಷರದವು, ಹತ್ತೂ ಇಂಗ್ಲಿಷಿನಲ್ಲಿರುವವು. ಗಿರಾಕಿ ತರುವ ಪಟ್ಟಿಯಾದರೋ ಅರ್ಧ ವಾಟ್ಸ್‌ಆ್ಯಪಿನಿಂದಲೂ, ಉಳಿದರ್ಧ ಹಿಂದಿನ ಮದುವೆಯ ಮುಯ್ಯಿ ಪುಸ್ತಕದಿಂದಲೂ ಇಳಿದು ಬಂದದ್ದು. ಮುಯ್ಯಿ ಪುಸ್ತಕವೆಂಬುದು ಉಡುಗೊರೆಯ ಲೆಕ್ಕವೇ ಹೊರತು ವಿಳಾಸಗಳ ಕೋಶವಲ್ಲವಾದ್ದರಿಂದ, ಸಿಕ್ಕಿದ್ದನ್ನೆಲ್ಲ ಶ್ರದ್ಧೆಯಿಂದ ಅಚ್ಚು ಹಾಕುವ ತಂತ್ರಾಂಶವು ‘ಹಾಲಿನವರು 501 ಅವರಿಗೆ’ ಎಂದು ಗೌರವಪೂರ್ವಕವಾಗಿ ಆಹ್ವಾನ ನೀಡುವುದುಂಟು. ಪಟ್ಟಿಯನ್ನು ಹೊತ್ತು ತರುವ ಎಕ್ಸೆಲ್ ಇದಕ್ಕೆ ತನ್ನ ಪಾಂಡಿತ್ಯವನ್ನೂ ಸೇರಿಸುತ್ತದೆ: ‘12/3’ ಎಂಬ ಮನೆ ಸಂಖ್ಯೆಯನ್ನು ದಿನಾಂಕವೆಂದು ಬಗೆದು ಮಾರ್ಚ್ 12 ಎಂದು ತಿದ್ದುತ್ತದೆ, ಸದಸ್ಯತ್ವ ಸಂಖ್ಯೆಯ ಮುಂದಿರುವ ಸೊನ್ನೆಗಳನ್ನು ಬೆಲೆಯಿಲ್ಲದವೆಂದು ಕಿತ್ತೊಗೆಯುತ್ತದೆ. ಮನೆಯೊಂದು ಹೀಗೆ ತಿಥಿಯಾಗಿ ಪರಿಣಮಿಸಿದಾಗ, ಅಂಚೆಯವರು ಅದನ್ನು ಯಾವ ಬೀದಿಯಲ್ಲಿ ಹುಡುಕಬೇಕೆಂಬುದಕ್ಕೆ ಯಾವ ಕೈಪಿಡಿಯಲ್ಲಿಯೂ ಉತ್ತರವಿಲ್ಲ.

ಹೆಸರುಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡೇ ಕಂಬಸಾಲುಗಳಲ್ಲಿ ಮನುಷ್ಯಕುಲವನ್ನು ಅಡಗಿಸಬಹುದೆಂಬುದು ತಂತ್ರಾಂಶದ ನಂಬಿಕೆ. ಹಳೆಯ ಮೈಸೂರಿನ ಕಡೆ ಹೆಸರಿನ ಮುಂದೆ ಊರು, ಆಮೇಲೆ ತಂದೆ, ಕಡೆಗೆ ವ್ಯಕ್ತಿ ಎಂಬ ಕ್ರಮವಿರುವುದರಿಂದ, ಮೊದಲ ಹೆಸರನ್ನು ಹಿಡಿದು ಆತ್ಮೀಯವಾಗಿ ಮಾತನಾಡಿಸ ಹೊರಟ ಪತ್ರವು ‘ಪ್ರಿಯ ಹೊಳೆನರಸೀಪುರ’ ಎಂದು ಇಡೀ ತಾಲ್ಲೂಕನ್ನೇ ಊಟಕ್ಕೆ ಕರೆಯುವ ಸಂಭವವಿದೆ. ಮುದ್ರಣಕಾಶಿಯೆಂದು ಹೆಸರಾದ ಗದಗದ ಸುತ್ತಿನ ಸೀಮೆಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಮುಂತಾದ ಮನೆತನದ ಹೆಸರುಗಳು ಕೊನೆಯಲ್ಲಿ ಬರುವುದರಿಂದ, ಅಲ್ಲಿಯ ಪಟ್ಟಿಯಲ್ಲಿ ಕೊನೆಯ ಕಂಬಸಾಲನ್ನಷ್ಟೇ ಓದಿದವರಿಗೆ ಅದು ಅತಿಥಿಗಳ ಪಟ್ಟಿಯೋ ಅಡುಗೆ ಸಾಮಾನಿನ ಚೀಟಿಯೋ ಎಂಬ ಸಂಶಯ ಹುಟ್ಟದಿರದು.

ಹೆಸರು ಸರಿಯಾಗಿ ಸಿಕ್ಕಿತೆಂದೇ ಇಟ್ಟುಕೊಂಡರೂ ವ್ಯಾಕರಣವು ಎದುರು ನಿಲ್ಲುತ್ತದೆ. ಇಂಗ್ಲಿಷಿನ ಹೆಸರು ವಾಕ್ಯದ ಯಾವ ಮೂಲೆಯಲ್ಲಿ ಕೂರಿಸಿದರೂ ಕಲ್ಲಿನಂತೆ ಕೂರುತ್ತದೆ. ಕನ್ನಡದ ಹೆಸರು ಪಕ್ಕದ ಪದವನ್ನು ಕಂಡೊಡನೆ ಕೈಚಾಚಿ ಅಪ್ಪಿಕೊಳ್ಳುತ್ತದೆ. ರಾಮಯ್ಯನವರಿಗೆ, ಗೌರಿಯವರಿಗೆ, ರಮೇಶರಿಗೆ ಎಂಬಲ್ಲಿ ಒಂದೊಂದು ಅಪ್ಪುಗೆಯೂ ಒಂದೊಂದು ಬಗೆ. ಕೇಶಿರಾಜನು 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಸಂಧಿ, ವಿಭಕ್ತಿಗಳನ್ನು ಸೂತ್ರೀಕರಿಸಿಟ್ಟಿದ್ದರೂ, ತಂತ್ರಾಂಶ ಬರೆದವರು ಅದನ್ನು ಓದಿರುವ ಲಕ್ಷಣಗಳು ಕಾಣುವುದಿಲ್ಲ. ಆದ್ದರಿಂದ ಮುದ್ರಣಾಲಯಗಳು ಹೆಸರಿನ ಮುಂದೆ ಒಂದಿಷ್ಟು ಜಾಗ ಬಿಟ್ಟು ‘ಅವರಿಗೆ’ ಎಂದು ಪ್ರತ್ಯೇಕವಾಗಿ ಅಚ್ಚು ಹಾಕಿ, ಬಂಧುವಿಗೂ ಆತನ ವಿಭಕ್ತಿಗೂ ನಡುವೆ ಒಂದು ಅಂಗುಲದ ವೈರಾಗ್ಯವನ್ನು ಏರ್ಪಡಿಸುತ್ತವೆ.

ಲಿಪಿಯದು ಬೇರೆಯೇ ಪುರಾಣ. ಡಿಟಿಪಿಯವರು ರೂಢಿಯಲ್ಲಿಟ್ಟುಕೊಂಡಿರುವ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಮನೆಗಳಲ್ಲಿ ಕನ್ನಡವನ್ನು ಬಾಡಿಗೆಗಿಟ್ಟವು. ಜಗತ್ತಿನ ಲಿಪಿಗಳಿಗೆಲ್ಲ ಸ್ವಂತ ನಿವೇಶನ ಕೊಡುವ ಯೂನಿಕೋಡ್ ಎಂಬ ಸಂಕೇತವ್ಯವಸ್ಥೆ 1991ರಲ್ಲಿಯೇ ಕನ್ನಡಕ್ಕೂ ಮನೆ ಕಟ್ಟಿಕೊಟ್ಟಿತು. ವಿನ್ಯಾಸ ಬಾಡಿಗೆ ಮನೆಯಲ್ಲಿ, ಪಟ್ಟಿ ಸ್ವಂತ ಮನೆಯಲ್ಲಿ ವಾಸವಾಗಿರುವಾಗ ಪರಸ್ಪರ ಗುರುತು ಹತ್ತದೆ, ಸುಬ್ಬಮ್ಮನವರ ಜಾಗದಲ್ಲಿ ಖಾಲಿ ಚೌಕಗಳ ಸಾಲು ಮೂಡುತ್ತದೆ. ಹಳೆಯ ಪಟ್ಟಿಯನ್ನು ಹೊಸ ವಿನ್ಯಾಸಕ್ಕೆ ಸುರಿದರೆ ಟೋಪಿ, ಚುಕ್ಕೆ ಧರಿಸಿದ ಪರದೇಶದ ಅಕ್ಷರಗಳ ಜಾತ್ರೆ ನೆರೆಯುತ್ತದೆ. ಭಾರತೀಯ ಲಿಪಿಗಳ ಕೂಡಿಕೆಯನ್ನು ಅರಿಯದ ತಂತ್ರಾಂಶದಲ್ಲಂತೂ ಒತ್ತಕ್ಷರಗಳು ಕುಟುಂಬದಿಂದ ಬೇರ್ಪಟ್ಟು, ಲಕ್ಷ್ಮಿಯು ‘ಲಕ್‌ಷ್‌ಮಿ’ಯಾಗಿ ಮೂರು ಭಾಗವಾಗುತ್ತಾಳೆ. ಶುಭಪತ್ರಿಕೆಯೊಂದರಲ್ಲಿ ಲಕ್ಷ್ಮಿಯೇ ಪಾಲಾಗುವುದನ್ನು ಯಾವ ಮನೆಯ ಹಿರಿಯರೂ ಲಘುವಾಗಿ ತೆಗೆದುಕೊಳ್ಳಲಾರರು.

ಕರಡು ತಿದ್ದುವವರ ಪಾಡನ್ನು ಪ್ರತ್ಯೇಕವಾಗಿ ಹೇಳಬೇಕು. ಹಿಂದೆ ಒಂದು ಕರಡನ್ನು ತಿದ್ದಿದರೆ ಸಾವಿರ ಪ್ರತಿಗಳೂ ತಿದ್ದಿದಂತಾಗುತ್ತಿತ್ತು. ಈಗ ಸಾವಿರ ಪ್ರತಿಗಳಿಗೆ ಸಾವಿರ ಕರಡು. ‘ರವಿ’ಗೆ ಹೊಲಿದ ಚೌಕಟ್ಟಿನಲ್ಲಿ ಲಕ್ಷ್ಮೀನರಸಿಂಹಸ್ವಾಮಿಗಳು ಹಿಡಿಸಲಾರದೆ ಹೋದಾಗ ತಂತ್ರಾಂಶವು ಅಕ್ಷರಗಳನ್ನು ತಾನಾಗಿಯೇ ಕುಗ್ಗಿಸುವುದರಿಂದ, ಬೀಗರ ಪೈಕಿ ಅತಿ ದೊಡ್ಡವರ ಹೆಸರೇ ಅತಿ ಸಣ್ಣದಾಗಿ ಅಚ್ಚಾಗುತ್ತದೆ. ಆಫ್‌ಸೆಟ್ಟಿನಲ್ಲಿ ಒಂದು ಹಾಳೆ ಹಾಳಾದರೆ ಲೆಕ್ಕದಿಂದ ಒಂದು ಪ್ರತಿ ಕಡಿಮೆಯಾಗುತ್ತದೆ, ಅಷ್ಟೆ. ಇಲ್ಲಿ ಒಂದು ಹಾಳೆ ಯಂತ್ರದಲ್ಲಿ ಸಿಕ್ಕಿ ಸುಕ್ಕಾದರೆ ನಿರ್ದಿಷ್ಟ ಸೋದರಮಾವನೊಬ್ಬನು ಮದುವೆಯಿಂದಲೇ ಕಾಣೆಯಾಗುತ್ತಾನೆ. ಒಳಗಿನ ಪತ್ರಿಕೆಗೂ ಹೊರಗಿನ ಲಕೋಟೆಗೂ ಒಂದೇ ಒಂದು ಹೆಜ್ಜೆ ತಪ್ಪಿದರೆ, ಅಲ್ಲಿಂದ ಮುಂದೆ ಪ್ರತಿಯೊಬ್ಬರಿಗೂ ಹಿಂದಿನವರ ಆಹ್ವಾನ ಕ್ರಮಬದ್ಧವಾಗಿ ತಲುಪುತ್ತದೆ.

ಇಷ್ಟಾದರೂ ಮೂಲ ತೊಡಕು ತಂತ್ರಾಂಶದ್ದಲ್ಲ. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದುಂಡಗಿನ ಅಕ್ಷರದಲ್ಲಿ ಹೆಸರು ಬರೆಯಲು ಕುಳಿತ ಮನೆಯ ಹಿರಿಯರು ಹೆಸರನ್ನಷ್ಟೇ ಬರೆಯುವುದಿಲ್ಲ. ಯಾರಿಗೆ ‘ಕುಟುಂಬ ಸಮೇತ’ ಸೇರಿಸಬೇಕು, ಯಾರಿಗೆ ‘ಶ್ರೀಮತಿ ಮತ್ತು ಶ್ರೀ’ ಎಂದು ಬರೆದರೆ ಹಳೆಯ ಗಾಯ ಕೆದಕಿದಂತಾಗುತ್ತದೆ, ಯಾರ ಹೆಸರಿಗಿಂತ ಮೊದಲು ಯಾರದು ಬರಬೇಕು ಎಂಬುದೆಲ್ಲ ಅವರ ಲೇಖನಿಯ ತುದಿಯಲ್ಲಿರುತ್ತದೆ. ಬದಲಾಗುವ ವಿವರವೆಂದರೆ ವಾಸ್ತವವಾಗಿ ಇದು. ಇದಕ್ಕೆ ಎಕ್ಸೆಲ್ಲಿನಲ್ಲಿ ಕಂಬಸಾಲಿಲ್ಲ. ಆದುದರಿಂದ ಹಲವು ಮುದ್ರಣಾಲಯಗಳು ಕಂಡುಕೊಂಡಿರುವ ದಾರಿ ಮೈನ್ಸ್ ನಗರದವರದೇ: ಎಲ್ಲವನ್ನೂ ಅಚ್ಚು ಹಾಕಿ ಹೆಸರಿನ ಜಾಗದಲ್ಲಿ ಚುಕ್ಕೆಗಳ ಸಾಲು ಬಿಡುವುದು. ತಂತ್ರಾಂಶಕ್ಕೆ ಹಾಕಿದ ಹಣ ವ್ಯರ್ಥವಾಗಬಾರದೆಂಬವರು, ರವಿಗೆ ನಾಲ್ಕು ಚುಕ್ಕೆ, ಲಕ್ಷ್ಮೀನರಸಿಂಹಸ್ವಾಮಿಗಳಿಗೆ ನಲವತ್ತು ಚುಕ್ಕೆ ಎಂದು ಆ ಸಾಲಿನ ಉದ್ದವನ್ನಾದರೂ ಪ್ರತಿಯಿಂದ ಪ್ರತಿಗೆ ಬದಲಾಯಿಸಿಕೊಳ್ಳಬಹುದು. ಚುಕ್ಕೆಗಳಲ್ಲಿ ಮುದ್ರಾರಾಕ್ಷಸನಿಗೆ ಮಾಡಲು ಹೆಚ್ಚಿನ ಕೆಲಸವಿರುವುದಿಲ್ಲ.