ಕೌದೀಪುಷ್ಪಮೀಮಾಂಸೆ

ಸಕಲ ಶಾಸ್ತ್ರಗಳ ಆರಂಭದಲ್ಲಿಯೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾದುದರಿಂದ, ಆ ಕಟ್ಟಳೆಯನ್ನು ಮೀರುವ ಧೈರ್ಯವಾಗಲಿ ಅದನ್ನು ಪಾಲಿಸುವ ಪಾಂಡಿತ್ಯವಾಗಲಿ ಇಲ್ಲದ ಈ ಪ್ರಬಂಧಕಾರನು ಮೊದಲು ಅದನ್ನೇ ಮುಗಿಸಿಬಿಡುತ್ತಾನೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳನ್ನೊಳಗೊಂಡ ಅರಭಾವಿ ಪ್ರಾಂತದಲ್ಲಿ ಹಳೆಯ ಸೀರೆ, ಧೋತರ, ಅಂಗಿ, ಪರಕಾರಗಳನ್ನು ಪದರು ಪದರಾಗಿ ಹಾಸಿ ಹೊಲಿಯುವ ಕೌದಿಯಲ್ಲಿ ಅರಳಿರುವ ಹೂವುಗಳೇ ಇಲ್ಲಿಯ ವಿಷಯ. ಆ ಹೂವುಗಳಿಂದ ಕೌದಿ ಹೊಲಿಯುವ ಹೆಣ್ಣುಮಗಳಿಗೆ ಚೈತ್ರಮಾಸದ ಮಧ್ಯಾಹ್ನಗಳಲ್ಲಿ ಉಂಟಾಗುವ ಆನಂದದ ಸ್ವರೂಪನಿರ್ಣಯವೇ ಪ್ರಯೋಜನ. ಆನಂದಕ್ಕೂ ಅರಿವೆಗೂ ನಡುವೆ ಬಿದ್ದ ಹೊಲಿಗೆಯೇ ಸಂಬಂಧ. ಇನ್ನು ಅಧಿಕಾರಿ ಯಾರೆಂದರೆ, ಒಂದು ಸಲವಾದರೂ ಕೌದಿಯ ಮುಸುಕಿನೊಳಗೆ ಮಲಗಿ, ಬೆಳಗಾದ ಮೇಲೆ ಏಳಲು ನಿರಾಕರಿಸಿದವನು.

ಪೂರ್ವಾಚಾರ್ಯರು ಈ ವಿಷಯವನ್ನು ಮುಟ್ಟಲೇ ಇಲ್ಲವೆನ್ನಲಾಗದು, ಮುಟ್ಟಿಯೂ ಹಿಡಿಯಲಿಲ್ಲ. ವಾತ್ಸ್ಯಾಯನನು 64 ಕಲೆಗಳನ್ನು ಎಣಿಸುವಾಗ ಹಾಸಿಗೆಯ ಮೇಲೆ ಹೂ ಹರಡುವ ಪುಷ್ಪಾಸ್ತರಣವನ್ನು ಒಂದು ಕಲೆಯೆಂದೂ, ಸೂಜಿಯ ಕೆಲಸವಾದ ಸೂಚೀವಾನಕರ್ಮವನ್ನು ಬೇರೊಂದು ಕಲೆಯೆಂದೂ ಹೇಳಿ ಮುಂದೆ ಸಾಗಿದ್ದಾನೆ. ಹರಡಿದ ಹೂವು ಬೆಳಗಾಗುವಷ್ಟರಲ್ಲಿ ಬಾಡುತ್ತದೆ, ಅದನ್ನೇ ಟಾಕಿ ಹಾಕಿ ಹಿಡಿದಿಟ್ಟರೆ ಮೊಮ್ಮಕ್ಕಳ ಕಾಲದವರೆಗೂ ಬಾಳುತ್ತದೆ ಎಂಬ ಅಲ್ಪವಿಚಾರವು ಆ ವಿಲಾಸಿಗಳ ಆಚಾರ್ಯನಿಗೆ ಹೊಳೆಯದೆ ಹೋದುದು, ತನ್ನ ಹಾಸಿಗೆಯನ್ನು ತಾನೇ ಮಡಿಚಿಡುವ ಅಭ್ಯಾಸ ಆತನಿಗೆ ಇರಲಿಲ್ಲವೆಂಬುದಕ್ಕೆ ಬಲವಾದ ಅನುಮಾನಪ್ರಮಾಣವಾಗಿದೆ. ಈ ಎರಡು ಕಲೆಗಳನ್ನು ಒಂದೇ ದಾರದಲ್ಲಿ ಕೂಡಿಸಿದ ಕೀರ್ತಿ ಘಟಪ್ರಭೆಯ ದಂಡೆಯ ಹೆಣ್ಣುಮಕ್ಕಳಿಗೆ ಸಲ್ಲತಕ್ಕದ್ದು. ಇದರಿಂದ ಕಲೆಗಳ ಸಂಖ್ಯೆ 63ಕ್ಕೆ ಇಳಿಯಿತೋ 65ಕ್ಕೆ ಏರಿತೋ ಎಂಬ ಸಂದೇಹವನ್ನು ಗಣಿತಜ್ಞರು ಪರಿಹರಿಸಲಿ.

ಈಗ ಲಕ್ಷಣ. 'ಬಾಡದ ಹೂವೇ ಕೌದಿಯ ಹೂವು' ಎಂದರೆ ಬಾಗಿಲ ತೋರಣದ ಪ್ಲಾಸ್ಟಿಕ್ ಹೂವಿನಲ್ಲಿ ಅತಿವ್ಯಾಪ್ತಿದೋಷ ತಟ್ಟುತ್ತದೆ. 'ಸೂಜಿಯಿಂದ ಚುಚ್ಚಲ್ಪಟ್ಟ ಹೂವು' ಎಂದರೆ ದೇವರ ಹಾರದ ಮಲ್ಲಿಗೆಯೂ ಒಳನುಗ್ಗುತ್ತದೆ. 'ವಾಸನೆಯಿಲ್ಲದ ಹೂವು' ಎಂದರೆ ಅತ್ತ ಮುತ್ತುಗದಲ್ಲಿ ಅತಿವ್ಯಾಪ್ತಿ, ಇತ್ತ ಕೂಸುಗಳು ಮಲಗುವ ಕೌದಿಗಳಲ್ಲಿ ಅವ್ಯಾಪ್ತಿ. ಏಕೆಂದರೆ ಅಂಥ ಕೌದಿಗಳ ಹೂವುಗಳಿಗೆ ವಾಸನೆ ಇಲ್ಲವೆಂದು ಯಾವ ತಾರ್ಕಿಕನೂ ಮೂಗು ತೆರೆದು ಸಾಧಿಸಲಾರನು. ಆದ್ದರಿಂದ ನಿರ್ದುಷ್ಟವಾದ ಲಕ್ಷಣ ಇಂತಿದೆ: ಮೊದಲು ನಡೆದಾಡುವವರ ಮೈಮೇಲೆ ಅರಳಿ, ಅನಂತರ ಟ್ರಂಕಿನ ಕತ್ತಲೆಯಲ್ಲಿ ಮರಳಿ ಮೊಗ್ಗಾಗಿ, ಕೊನೆಗೆ ಮಲಗಿದವರ ಮೈಮೇಲೆ ಎರಡನೆಯ ಸಲ ಅರಳುವುದು ಯಾವುದೋ ಅದೇ ಕೌದೀಪುಷ್ಪ.

ಲಕ್ಷಣದ ಬಳಿಕ ಋತುಚರ್ಯೆ. ಈ ಪ್ರಾಂತದಲ್ಲಿ ವಸಂತವು ಕಾವ್ಯಗಳಲ್ಲಿ ಬರುವಂತೆ ಮಲಯಮಾರುತವನ್ನು ಮುಂದಿಟ್ಟುಕೊಂಡು ಬರುವುದಿಲ್ಲ. ಎರೆಯ ಹೊಲದಲ್ಲಿ ಬಿಳಿಜೋಳದ ಮಗ್ಗುಲಿಗೆ ಮುಳ್ಳುಗಳ ನಡುವೆ ಅರಳಿದ ಕುಸುಬಿಯ ಕಿತ್ತಳೆಯನ್ನೂ, ಎಲೆಯುದುರಿದ ಬೂರುಗ ಮುತ್ತುಗಗಳ ಕೆಂಪನ್ನೂ ಮುಂಗಡವಾಗಿ ಕೊಟ್ಟು, ಹೋಳಿಹುಣ್ಣಿಮೆಯ ಹಲಗೆಯ ಸದ್ದಿನೊಡನೆ ಊರೊಳಗೆ ಕಾಲಿಡುತ್ತದೆ. ಯುಗಾದಿಯ ಹೊತ್ತಿಗೆ ಬೇವಿನ ಮರ ಬಿಳಿಯ ಕಿರುಹೂವುಗಳಿಂದ ತುಂಬುತ್ತದೆ. ಹೊಂಗೆ ತನ್ನ ಹೂವನ್ನು ಕಾಲುವೆಯ ದಂಡೆಗೆ ಸುರಿಯುತ್ತದೆ. ಕಕ್ಕೆ ಹಳದಿಯ ಗೊಂಚಲು ಇಳಿಬಿಡಲು ಬಿಸಿಲಿನ ಅಪ್ಪಣೆಗಾಗಿ ಕಾಯುತ್ತಿರುತ್ತದೆ. ಹಿಂಗಾರಿನ ಸುಗ್ಗಿ ಮುಗಿದು ಹೆಣ್ಣುಮಕ್ಕಳ ಕೈಗೆ ತುಸು ಬಿಡುವಾಗುವ ಕಾಲವೂ ಇದೇ ಆದುದರಿಂದ, ಬೇವಿನ ನೆರಳಿನಲ್ಲಿ ಕೌದಿ ಹಾಸಲ್ಪಡುತ್ತದೆ. ಹಾಸಿದ ಅರಿವೆಯ ಮೇಲೆ ಮರವು ಹೂ ಉದುರಿಸುತ್ತದೆ. ನಮ್ಮ ಕೌದಿಕರ್ತ್ರಿಯು ಅದನ್ನು ಒಡನೆಯೇ ಕೊಡವುವುದಿಲ್ಲ; ಗಿಡದ ಹೂವು ಅಚ್ಚಿನ ಹೂವಿನ ಮೇಲೆ ಎಲ್ಲೆಲ್ಲಿ ಬಿದ್ದಿದೆಯೆಂಬುದನ್ನು ಪಂಚಾಂಗ ನೋಡುವ ಗಾಂಭೀರ್ಯದಿಂದ ನೋಡಿ, ಆಮೇಲೆ ನಾಲ್ಕು ಮೂಲೆಗಳನ್ನು ಎತ್ತಿ ಹೂವನ್ನೆಲ್ಲ ನಡುವಿಗೆ ತಂದು, ಬೆಲ್ಲ ಪುಟಾಣಿಗಳೊಡನೆ ಕಲಸುವ ಹಬ್ಬದ ಬೇವಿಗಾಗಿ ಬುಟ್ಟಿಗೆ ಸುರಿದುಕೊಳ್ಳುತ್ತಾಳೆ. ಒಂದೇ ಹಾಸಿನಿಂದ ಯುಗಾದಿಯ ಪಾನವೂ ಪುಷ್ಯಮಾಸದ ಹೊದಿಕೆಯೂ ಸಿದ್ಧವಾಗುವ ಈ ವಿಧಾನಕ್ಕೆ ಅರ್ಥಶಾಸ್ತ್ರಜ್ಞರು ಇನ್ನೂ ಹೆಸರಿಟ್ಟಿಲ್ಲ.

ವಸನಪುಷ್ಪಗಳ ವರ್ಗೀಕರಣವು ಈ ಶಾಸ್ತ್ರದ ಅತ್ಯಂತ ಕ್ಲಿಷ್ಟವಾದ ಭಾಗ. ಇಳಕಲ್ಲ ಸೀರೆಯ ಕೆಂಪು ಸೆರಗಿನಲ್ಲಿ ಬಿಳಿಯ ತೆನಿಗಳಿವೆಯಲ್ಲದೆ ಹೂವಿಲ್ಲ. ಆದುದರಿಂದ ಅದನ್ನು ಪೈರುಗಳ ಪ್ರಕರಣಕ್ಕೆ ಸೇರಿಸಿ, ಕೌದಿಯ ಅಂಚಿಗೆ ನಿಯೋಗಿಸಲಾಗಿದೆ. ಗುಳೇದಗುಡ್ಡದ ಖಣವು ಕಿರಿದಾದರೂ ಕಣ್ಣಿಗೆ ತುಂಬುವಂಥದು. ಕುಬಸದ ತೋಳು ಹರಿದ ಮೇಲೂ ಬೆನ್ನು ಗಟ್ಟಿಯಾಗಿ ಉಳಿಯುವುದರಿಂದ ಅದು ಮೂಲೆಗಳಿಗೆ ಪ್ರಶಸ್ತ. ಗೋಕಾಕದ ಜಲಪಾತದ ಬಳಿ 52 ಮೀಟರು ಕೆಳಗೆ ಧುಮುಕುವ ಘಟಪ್ರಭೆಯ ಬಲವನ್ನು ನೂಲಿಗೆ ತಿರುಗಿಸುವ ಗಿರಣಿ 1880ರ ದಶಕದಲ್ಲಿಯೇ ಎದ್ದುನಿಂತ ಈ ಸೀಮೆಯಲ್ಲಿ ಹತ್ತಿಯ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ. ಒಗೆದು ಒಗೆದು ಮೆತ್ತಗಾದ ಹತ್ತಿಯ ಧೋತರಕ್ಕೆ ಮೈಗೆ ತಾಗುವ ಮಗ್ಗುಲು ಮೀಸಲು. ಪಾಲಿಯೆಸ್ಟರಿನ ಹೂವು ಸೂಜಿಗೆ ಜಾರುತ್ತದೆ, ಬೆವರನ್ನು ಹೀರದು, ಆದರೆ ಎಷ್ಟು ಒಗೆದರೂ ಮೊದಲ ದಿನದ ಗರ್ವವನ್ನು ಬಿಡದು. ಆದಕಾರಣ ಅದಕ್ಕೆ ಆಕಾಶವನ್ನು ನೋಡುವ ಮಗ್ಗುಲು. ಮ್ಯಾಕ್ಸಿಯ ಹೂವುಗಳೋ, ಗಾತ್ರದಲ್ಲಿ ಸೂರ್ಯಕಾಂತಿಯನ್ನು ನಾಚಿಸುತ್ತವೆ. ಅವನ್ನು ಪ್ರತ್ಯೇಕ ಅಧ್ಯಾಯಕ್ಕಾಗಿ ಕಾಯ್ದಿರಿಸಲಾಗಿದೆ.

ಇಲ್ಲಿ ಪೂರ್ವಪಕ್ಷವು ಏಳುತ್ತದೆ. ಅರಭಾವಿಯಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನ ತೋಟಗಾರಿಕೆ ಮಹಾವಿದ್ಯಾಲಯವಿರುವುದೂ, ಅದು 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿರುವುದೂ ಪ್ರಸಿದ್ಧ. ಅಂಥ ವಿದ್ಯೆಯಲ್ಲಿ ಪರಿಣತನಾದ ಒಬ್ಬ ತರುಣನನ್ನು ಈ ಶಾಸ್ತ್ರದ ಅನುಕೂಲಕ್ಕಾಗಿ ಕಲ್ಪಿಸಿಕೊಳ್ಳೋಣ. ಆತನು ಬೇವಿನ ನೆರಳಿನಲ್ಲಿ ನಿಂತು, ತಾವರೆಯ ಎಸಳು, ದ್ರಾಕ್ಷಿಯ ಎಲೆ, ನವಿಲಿನ ಬಣ್ಣಗಳಿಂದ ಕೂಡಿದ ಒಂದು ಅಚ್ಚಿನ ಹೂವಿನ ಮೇಲೆ ಬೆರಳಿಟ್ಟು ಆಕ್ಷೇಪಿಸುತ್ತಾನೆ:

"ಆಯಿ, ಇಂಥಾ ಹೂವು ಯಾವ ಗಿಡದಾಗೂ ಬಿಡಂಗಿಲ್ಲರಿ. ಇದಕ್ಕ ಹೆಸರ ಇಲ್ಲ."

"ಹೆಸರ ಇಲ್ಲದ ಏನ ತಮ್ಮಾ? ಇದು ಮಗಳ ಮದಿವಿ ಹೂವು. ಅದರ ಬಾಜೂಕಿಂದು ಅತ್ತಿ ಜಾತ್ರಿದು. ಆ ಸಣ್ಣ ಸಣ್ಣದು ಐತೆಲ್ಲ, ಅದು ತಂಗಿ ಕುಬಸದ್ದು."

ಈ ಉತ್ತರದ ಶಾಸ್ತ್ರೀಯ ಗೌರವವನ್ನು ತರುಣನು ಆ ಕ್ಷಣಕ್ಕೆ ಗ್ರಹಿಸದಿದ್ದರೂ ನಾವು ಗ್ರಹಿಸತಕ್ಕದ್ದು. ಸ್ವೀಡನ್ನಿನ ಲಿನಿಯಸ್ ಪಂಡಿತನು 1753ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ಸಸ್ಯಗಳಿಗೆಲ್ಲ ಎರಡು ಪದಗಳ ನಾಮವನ್ನು ಕಲ್ಪಿಸಿ, ಮೊದಲ ಪದದಿಂದ ಕುಲವನ್ನೂ ಎರಡನೆಯದರಿಂದ ಪ್ರಭೇದವನ್ನೂ ಸೂಚಿಸಿದನು. ನಮ್ಮ ಕೌದಿಕರ್ತ್ರಿಯ ಪದ್ಧತಿಯೂ ದ್ವಿನಾಮಪದ್ಧತಿಯೇ: ಮಗಳು, ಅತ್ತೆ, ತಂಗಿ ಎಂಬುವು ಕುಲವಾಚಕಗಳು, ಮದುವೆ, ಜಾತ್ರೆ, ಕುಬಸ ಎಂಬುವು ಪ್ರಭೇದವಾಚಕಗಳು. ವ್ಯತ್ಯಾಸವೆಂದರೆ, ಲಿನಿಯಸನ ಹೆಸರುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕು. ಇವಳ ಹೆಸರುಗಳನ್ನು ಮರೆಯಬೇಕೆಂದರೂ ನೆಂಟರು ಬಿಡುವುದಿಲ್ಲ.

ಅನ್ಯ ಸಂಪ್ರದಾಯಗಳನ್ನೂ ತುಸು ಅವಲೋಕಿಸುವುದು ವಿದ್ವತ್ತಿನ ಲಕ್ಷಣ. ಅಮೆರಿಕದ ಹೆಂಗಸರು ಆರು ಮೂಲೆಯ ಚೂರುಗಳನ್ನು ವೃತ್ತ ವೃತ್ತವಾಗಿ ಜೋಡಿಸಿ ಅದಕ್ಕೆ 'ಅಜ್ಜಿಯ ಹೂದೋಟ'ವೆಂದು ಹೆಸರಿಟ್ಟಿರುವರು. ಕಳೆದ ಶತಮಾನದ ಮೂರನೆಯ ನಾಲ್ಕನೆಯ ದಶಕಗಳಲ್ಲಿ ಆ ತೋಟ ಅಲ್ಲಿ ಮನೆಮನೆಯಲ್ಲಿ ಬೆಳೆಯಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಜನಾಂಗದ ಹೆಣ್ಣುಮಕ್ಕಳು ಕೌದಿಯ ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನ ಚೂರುಗಳ 'ಫೂಲ'ವನ್ನು ಇಟ್ಟಲ್ಲದೆ ಕೆಲಸ ಮುಗಿಯಿತೆನ್ನುವುದಿಲ್ಲ. ಮೂಲೆಯಲ್ಲಿ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಇದಕ್ಕೆ ವಿರುದ್ಧವಾಗಿ ಅರಿವೆಯ ಹೂವಿಗೆ ಹೆದರಿದ ರಾಜ್ಯಗಳೂ ಉಂಟು. ಭಾರತದಿಂದ ಹೋದ ಹೂವಿನ ಅಚ್ಚಿನ ಹತ್ತಿಬಟ್ಟೆಗೆ ತಮ್ಮ ಪ್ರಜೆಗಳು ಮರುಳಾಗಿ ತಮ್ಮ ನೇಕಾರರು ಕೆಡುತ್ತಾರೆಂದು 1686ರಲ್ಲಿ ಫ್ರಾನ್ಸಿನ ದೊರೆ ಅದನ್ನು ನಿಷೇಧಿಸಿದನು. 1759ರವರೆಗೂ ಆ ನಿಷೇಧ ಊರ್ಜಿತವಾಗಿತ್ತು. ಇಂಗ್ಲೆಂಡೂ ಅದೇ ಹಾದಿ ಹಿಡಿಯಿತು. ಚತುರಂಗಬಲವುಳ್ಳ ದೊರೆಗಳನ್ನು ಚಿಂತೆಗೀಡುಮಾಡಿದ ಆ ಪುಷ್ಪಸೈನ್ಯವನ್ನು ನಮ್ಮ ಕೌದಿಕರ್ತ್ರಿಯು ಒಂದು ದಬ್ಬಣದಿಂದ ಸಾಲು ಸಾಲಾಗಿ ನಿಲ್ಲಿಸಿ, ಅದರ ಮೇಲೆ ಮೊಮ್ಮಗನನ್ನು ಮಲಗಿಸುತ್ತಾಳೆ.

ಇನ್ನು ಆನಂದದ ಸ್ವರೂಪನಿರ್ಣಯ. ತೈತ್ತಿರೀಯ ಉಪನಿಷತ್ತಿನ ಋಷಿಯು ಆನಂದವನ್ನು ಮೀಮಾಂಸೆಗೆ ಒಳಪಡಿಸಿ, ವಿತ್ತಸಂಪನ್ನನೂ ದೃಢಕಾಯನೂ ಆದ ಯುವಕನ ಆನಂದವನ್ನು ಒಂದೆಂದು ಹಿಡಿದು, ಗಂಧರ್ವ, ಪಿತೃ, ದೇವತೆಗಳ ಆನಂದವನ್ನು ಮೆಟ್ಟಿಲು ಮೆಟ್ಟಿಲಿಗೂ ನೂರ್ಮಡಿಯಾಗಿ ಏರಿಸುತ್ತ ಹೋಗಿದ್ದಾನೆ. ಕೌದಿಕರ್ತ್ರಿಗೆ ವಿತ್ತವಿಲ್ಲ, ಯೌವನ ಸಂದಿದೆ, ಬೆನ್ನು ನೋಯುತ್ತದೆ. ಆದಾಗ್ಯೂ ಟಾಕಿಯು ಹೂವಿನ ಎಸಳಿನ ಬಳಿಗೆ ಬಂದೊಡನೆ ಅವಳ ಕೈ ನಿಧಾನವಾಗುವುದು, ಎಸಳನ್ನು ದಾಟಿದ ಮೇಲೆ ಒಮ್ಮೆ ಅಂಗೈಯಿಂದ ಸವರುವುದು, ಯಾರೂ ಕೇಳದಿದ್ದರೂ 'ಚಂದ ಐತಿ' ಎಂದು ತನ್ನಷ್ಟಕ್ಕೆ ತಾನೇ ತೀರ್ಪು ಕೊಡುವುದು ಪ್ರತ್ಯಕ್ಷಸಿದ್ಧ. ಇದನ್ನು ಯಾವ ಮೆಟ್ಟಿಲಿನಲ್ಲಿ ಇಡತಕ್ಕದ್ದು? ಗಂಧರ್ವನ ಆನಂದಕ್ಕೆ ಗಂಧರ್ವಲೋಕ ಬೇಕು. ಇವಳದಕ್ಕೆ ಹರಿದ ಸೀರೆ ಸಾಕು. ಕಡಿಮೆ ಸಾಮಗ್ರಿಯಿಂದ ಹುಟ್ಟುವುದೇ ಶ್ರೇಷ್ಠವೆಂಬ ಲಾಘವನ್ಯಾಯದಿಂದ ಕೌದಿಯ ಆನಂದವೇ ಮೇಲಿನದು. ಅದಲ್ಲದೆ ಗಂಧರ್ವನಾದವನು ಸುಖವನ್ನು ಸಿಕ್ಕ ಕೂಡಲೇ ಉಣ್ಣುತ್ತಾನೆ; ಇವಳು ಬೆವರು ಸುರಿಯುವ ಚೈತ್ರದಲ್ಲಿ ಕುಳಿತು, ಯಾರೂ ಹೊದೆಯಲೊಲ್ಲದ ವಸ್ತುವನ್ನು, ಎಂಟು ತಿಂಗಳಾಚೆಯ ಚಳಿಗಾಗಿ ಹೊಲಿಯುತ್ತಾಳೆ.

ಇಷ್ಟರಿಂದ ಸಿದ್ಧಾಂತವು ತಾನಾಗಿಯೇ ಫಲಿಸುತ್ತದೆ. ಸೀರೆಯು ಉಡುವುದಕ್ಕಾಗಿ ಹುಟ್ಟಿದುದು, ಹರಿದ ಮೇಲೆ ಉಪಾಯವಿಲ್ಲದೆ ಕೌದಿಯಾಯಿತು ಎಂಬುದು ಪಾಮರರ ಭ್ರಾಂತಿ. ಗೋಕಾಕದ ಪೇಟೆಯಲ್ಲಿ ಅಂಗಡಿಯವನು ಸೀರೆ ಬಿಚ್ಚಿ ಹರಡಿದಾಗ ನಮ್ಮ ಕೌದಿಕರ್ತ್ರಿಯ ದೃಷ್ಟಿ ಎಲ್ಲಿ ನಿಲ್ಲುತ್ತದೆಂಬುದನ್ನು ಗಮನಿಸಿರಿ: ಸೆರಗನ್ನು ಅವಳು ಹೆಗಲಿಗೆ ಹಿಡಿದು ನೋಡುವುದು ಲೋಕಾಚಾರಕ್ಕೆ, ಒಡಲಿನ ಹೂವನ್ನು ನೆಲದ ಮೇಲೆ ಹಾಸಿ ನೋಡುವುದು ಅಂತರಂಗಕ್ಕೆ. ಆದ್ದರಿಂದ ಕೌದಿಯೇ ಸೀರೆಯ ಪರಮಪುರುಷಾರ್ಥ. ಉಡುವಿಕೆಯು ಅದನ್ನು ಮೆತ್ತಗೆ ಮಾಡುವ ಮಧ್ಯಕಾಲೀನ ಸಂಸ್ಕಾರ ಮಾತ್ರ. ಹೊಚ್ಚಹೊಸ ಬಟ್ಟೆಯಿಂದ ಹೊಲಿದ ಕೌದಿ ಮೈಗೆ ಒರಟಾಗುವುದೆಂಬುದು ಇದಕ್ಕೆ ಪೋಷಕಪ್ರಮಾಣ.

ಅಥ ಫಲಶ್ರುತಿ. ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಪಠಿಸಿದ ಗೃಹಸ್ಥನು, ಮನೆಯಾಕೆ ಹೂವಿನ ಸೀರೆಯನ್ನು ಕೈಯಲ್ಲಿ ಹಿಡಿದಾಗ 'ಟ್ರಂಕಿನ ತುಂಬ ಇದ್ದಾವಲ್ಲ' ಎಂಬ ಅಪಶಬ್ದವನ್ನು ಉಚ್ಚರಿಸನು. ಕೊಳ್ಳುತ್ತಿರುವುದು ಸೀರೆಯಲ್ಲ, ತನ್ನ ಮುಪ್ಪಿನ ಚಳಿಗಾಲಗಳೆಂದು ತಿಳಿದು ಮೌನವಾಗಿ ಹಣ ಎಣಿಸುವನು. ಪಠಿಸದ ಗೃಹಸ್ಥನೂ ಹಣ ಎಣಿಸುವನು. ಆದರೆ ಕಾರಣವನ್ನು ತಿಳಿಯದೆ.